ರೈಫಲಿನ ಬ್ಯಾರೆಲ್ (ನಳಿಗೆ) ನೆಟ್ಟಗಿದೆಯೇ ಎಂದು ನಾನು ಅಳೆಯುವ ರೀತಿ

ಬ್ಯಾರೆಲ್ ಡೊಂಕಾಗಿದ್ದರೆ ಗುರಿ ತಪ್ಪುತ್ತದೆ ಎನ್ನುವುದು ಅರ್ಧ ಮಾತ್ರ ನಿಜ. ಗುಂಡು ಹೊರಬೀಳುವ ಕ್ಷಣದಲ್ಲಿ ಮೂತಿ ಎತ್ತ ನೋಡುತ್ತಿರುತ್ತದೋ ಅತ್ತಲೇ ಹೋಗುತ್ತದೆ. ಹಿಂದಿನ ಬಾಗೆಲ್ಲ ಸೇರಿ ಆ ಒಂದು ದಿಕ್ಕು ನಿರ್ಧಾರವಾಗುತ್ತದೆ. ಬಾಗು ಪ್ರತಿ ಸಲವೂ ಒಂದೇ ರೀತಿ ಇದ್ದರೆ ಗುರಿಹಲಗೆಯ ಮೇಲಿನ ತೂತುಗಳ ಗುಂಪು ಚದುರುವುದಿಲ್ಲ, ಇಡೀ ಗುಂಪು ಪಕ್ಕಕ್ಕೆ ಸರಿಯುತ್ತದೆ ಅಷ್ಟೆ. 660 ಮಿ.ಮೀ. ಉದ್ದದ ಬ್ಯಾರೆಲ್ ನಡುವಿನಲ್ಲಿ 0.1 ಮಿ.ಮೀ. ಬಿಲ್ಲಿನಂತೆ ಬಾಗಿದೆ ಎಂದುಕೊಳ್ಳಿ. ಚೇಂಬರಿನ (ಹಿಂತುದಿಯಲ್ಲಿ ತೋಟಾ ಕೂರುವ ಗೂಡಿನ) ದಿಕ್ಕಿಗೆ ಹೋಲಿಸಿದರೆ 100 ಮೀಟರಿನಲ್ಲಿ ಗುಂಡು ಸುಮಾರು 12 ಸೆಂ.ಮೀ. ಆಚೆ ಬೀಳುತ್ತದೆ. ಒಂದು ಕ್ಲಿಕ್ಕಿಗೆ ಕಾಲು ಮಿನಿಟ್ ಕೋನ (ಮಿನಿಟ್ ಅಂದರೆ ಡಿಗ್ರಿಯ 60ನೇ ಒಂದು ಭಾಗ) ಸರಿಯುವ ಸ್ಕೋಪಿನಲ್ಲಿ 17 ಕ್ಲಿಕ್ ತಿರುಗಿಸಿದರೆ ಅದು ಸರಿಹೋಗುತ್ತದೆ. ತೊಂದರೆ ಕೊಡುವುದು ಬಿಸಿಯಾದಂತೆ ಬದಲಾಗುವ ಬಾಗು. ಅದನ್ನು ಹುಡುಕುವುದೇ ನಿಜವಾದ ಕೆಲಸ.

ಮೊದಲು ಬೋಲ್ಟ್ (ಚೇಂಬರಿನ ಹಿಂಬದಿ ಮುಚ್ಚುವ ಭಾಗ) ತೆಗೆದು, ಚೇಂಬರ್ ಖಾಲಿ ಇದೆ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತ ಮಾಡಿಕೊಂಡು, ಮದ್ದುಗುಂಡನ್ನು ಬೇರೆ ಕೋಣೆಯಲ್ಲಿಡುತ್ತೇನೆ. ಬೋರನ್ನು, ಅಂದರೆ ಬ್ಯಾರೆಲಿನ ಒಳರಂಧ್ರವನ್ನು, ಗುಂಡಿನಿಂದ ಅಂಟಿದ ತಾಮ್ರದ ಕಲೆಯೂ ಉಳಿಯದಂತೆ ತೊಳೆದು ಒಣಗಿಸುತ್ತೇನೆ. ಆಮೇಲೆ ನೆರಳಿನ ಪರೀಕ್ಷೆ. ಬೆಳಕಿರುವ ಕಿಟಕಿಗೆ ಅಡ್ಡಲಾಗಿ ಒಂದು ಕಪ್ಪು ಪಟ್ಟಿ ಕಟ್ಟಿ, ಬೋರಿನ ಮೂಲಕ ಅದರ ಅಂಚನ್ನು ನೋಡಬೇಕು. ಒಳಗೋಡೆಯ ಮೇಲೆ ಆ ಅಂಚಿನ ನೆರಳು ಉದ್ದನೆಯ ಗೆರೆಯಾಗಿ ಬೀಳುತ್ತದೆ. ಬೋರ್ ನೆಟ್ಟಗಿದ್ದರೆ ಗೆರೆ ನೆಟ್ಟಗಿರುತ್ತದೆ, ಬಾಗಿದ ಜಾಗದಲ್ಲಿ ಮುರಿದಂತೆ ಕಾಣುತ್ತದೆ. ಬ್ಯಾರೆಲನ್ನು ನಿಧಾನ ತಿರುಗಿಸುತ್ತಾ ಹೋದರೆ ಬಾಗು ಯಾವ ಕಡೆಗಿದೆ ಎಂಬುದೂ ಗೊತ್ತಾಗುತ್ತದೆ. 19ನೇ ಶತಮಾನದ ಕಾರ್ಖಾನೆಗಳಲ್ಲಿ ಬ್ಯಾರೆಲ್ ನೆಟ್ಟಗೆ ಮಾಡುವವರು ನಂಬಿದ್ದು ಇದನ್ನೇ. ರೈಫ್ಲಿಂಗ್ (ಗುಂಡನ್ನು ತಿರುಗಿಸುವ ಸುರುಳಿ ತೋಡುಗಳು) ಇರುವ ಬೋರಿನಲ್ಲಿ ಗೆರೆ ಸ್ವಲ್ಪ ಅಲೆಅಲೆಯಾಗಿ ಕಾಣುವುದರಿಂದ ಕಣ್ಣು ಪಳಗಬೇಕು. ಬಾಗು ಇದೆಯೋ ಇಲ್ಲವೋ ಎಂಬುದನ್ನು ಇದು ಹೇಳುತ್ತದೆ; ಎಷ್ಟು ಎಂಬುದಕ್ಕೆ ಮುಳ್ಳು ಓಲಾಡಿ ಅಳತೆ ತೋರಿಸುವ ಡಯಲ್ ಗೇಜ್ ಬೇಕು.

ಕಲ್ಲಿನ ಸರ್ಫೇಸ್ ಪ್ಲೇಟಿನ (ನಿಖರವಾಗಿ ಸಮತಟ್ಟಾದ ಹಲಗೆಯ) ಮೇಲೆ ಎರಡು ವಿ-ಬ್ಲಾಕ್ (ವಿ ಆಕಾರದ ಕಚ್ಚಿರುವ ಆಸರೆ). ಎರಡು ತುದಿಗಳಿಂದಲೂ ಉದ್ದದ ಐದನೇ ಒಂದು ಭಾಗಕ್ಕಿಂತ ತುಸು ಒಳಗೆ, ಅಂದರೆ 660 ಮಿ.ಮೀ. ಬ್ಯಾರೆಲಿಗೆ ತುದಿಯಿಂದ 140 ಮಿ.ಮೀ.ನಷ್ಟು ಒಳಗೆ ಇಡುತ್ತೇನೆ. ಬ್ಯಾರೆಲ್ ತನ್ನ ಭಾರಕ್ಕೇ ಜೋಲುತ್ತದೆ: 18 ಮಿ.ಮೀ. ದಪ್ಪದ್ದನ್ನು ಹಿಂತುದಿಯಲ್ಲಿ ಮಾತ್ರ ಹಿಡಿದು 650 ಮಿ.ಮೀ. ಹೊರಚಾಚಿದರೆ ಮೂತಿ ಮೂರನೇ ಒಂದು ಮಿ.ಮೀ.ಗಿಂತ ಹೆಚ್ಚೇ ಕೆಳಗಿಳಿಯುತ್ತದೆ. ಆದರೆ ಗೇಜಿನ ತುದಿಯನ್ನು ಬ್ಯಾರೆಲಿಗೆ ತಾಗಿಸಿ ಬ್ಲಾಕಿನ ಮೇಲೆ ತಿರುಗಿಸುವಾಗ ಜೋಲು ಯಾವಾಗಲೂ ಕೆಳಗೇ ಇರುತ್ತದೆ, ಮುಳ್ಳನ್ನು ಅದು ಅಲ್ಲಾಡಿಸುವುದಿಲ್ಲ. ಅಲ್ಲಾಡಿಸುವುದು ಬ್ಯಾರೆಲ್ ಜೊತೆ ತಿರುಗುವ ಬಾಗು ಮಾತ್ರ. ಮುಳ್ಳಿನ ಒಟ್ಟು ಓಲಾಟದ ಅರ್ಧವೇ ಆ ಜಾಗದ ಸರಿತ (ನಡುಗೆರೆ ಪಕ್ಕಕ್ಕೆ ಸರಿದ ದೂರ), ಓಲಾಟ 0.20 ಇದ್ದರೆ ಸರಿತ 0.10.

ಇಲ್ಲಿ ಮೋಸಹೋಗುವುದು ಎರಡು ಕಡೆ. ಒಂದು, ತಿರುಗಿಸುವಾಗ ಬ್ಯಾರೆಲ್ ಉದ್ದಕ್ಕೂ ಜಾರುವುದು. ಹಿಂದೆ 30, ಮೂತಿಯಲ್ಲಿ 18 ಮಿ.ಮೀ. ಇರುವ ಬ್ಯಾರೆಲ್ ಒಂದು ಮಿ.ಮೀ. ಜಾರಿದರೂ ಗೇಜ್ 0.02 ಮಿ.ಮೀ. ದಾಟಿ ಸುಳ್ಳು ಹೇಳುತ್ತದೆ. ತುದಿಗೆ ಒಂದು ಬೇರಿಂಗ್ ಗೋಲಿ ಆನಿಸಿ ಜಾರದಂತೆ ತಡೆಯುತ್ತೇನೆ. ಇನ್ನೊಂದು, ಹೊರಮೈ ಅಂಡಾಕಾರವಾಗಿರುವುದು. ಒಂದು ಸುತ್ತಿಗೆ ಮುಳ್ಳು ಒಂದೇ ಸಲ ಏರಿಳಿದರೆ ಬಾಗು; ಎರಡು ಸಲ ಏರಿಳಿದರೆ ಅದು ಅಂಡಾಕಾರ, ಬಾಗಲ್ಲ.

ಇಷ್ಟು ಮಾಡಿದರೂ ಅಳೆದದ್ದು ಹೊರಮೈ. ಗುಂಡು ಓಡುವುದು ಬೋರಿನಲ್ಲಿ. ಆಳವಾಗಿ ರಂಧ್ರ ಕೊರೆಯುವಾಗ ಡ್ರಿಲ್ ಅಲೆದಾಡುವುದರಿಂದ ಹೊರಗೆ ನೆಟ್ಟಗಿರುವ ಬ್ಯಾರೆಲಿನ ಒಳಗೆ ಬೋರ್ ಸೊಟ್ಟಗಿರಬಹುದು. ಹಾಗಾಗಿ ಅಲ್ಟ್ರಾಸಾನಿಕ್ ಗೇಜಿನಿಂದ ಪ್ರತಿ 50 ಮಿ.ಮೀ.ಗೆ, ನಾಲ್ಕು ದಿಕ್ಕಿನಲ್ಲಿ ಗೋಡೆಯ ದಪ್ಪ ಬರೆದುಕೊಳ್ಳುತ್ತೇನೆ. ಅದೇ ಉಕ್ಕಿನ ತುಂಡಿನ ಮೇಲೆ ಗೇಜನ್ನು ಮೊದಲು ಸರಿಹೊಂದಿಸಿಕೊಳ್ಳಬೇಕು. .308 (ಇಂಚಿನಲ್ಲಿ ಗುಂಡಿನ ವ್ಯಾಸ) ಬೋರಿನಲ್ಲಿ ರೈಫ್ಲಿಂಗ್ ತೋಡಿನ ಆಳವೇ ಸುಮಾರು 0.1 ಮಿ.ಮೀ. ಆದ್ದರಿಂದ ಒಂದೊಂದು ದಿಕ್ಕಿನಲ್ಲೂ ಅಕ್ಕಪಕ್ಕ ಮೂರ್ನಾಲ್ಕು ಸಲ ಅಳೆದು, ತೋಡಿನ ಮೇಲೆ ಬಿದ್ದದ್ದನ್ನು ತೋಡಿನದರ ಜೊತೆಗೇ ಹೋಲಿಸಬೇಕು. ಮೇಲೆ 7.30, ಕೆಳಗೆ 7.10 ಬಂದರೆ ಬೋರ್ 0.10 ಮಿ.ಮೀ. ಕೆಳಗಿದೆ. ಇದನ್ನು ಹೊರಮೈಯ ಸರಿತಕ್ಕೆ ದಿಕ್ಕು ನೋಡಿ ಕೂಡಿಸಿದರೆ ಬೋರಿನ ನಿಜವಾದ ನಕ್ಷೆ ಸಿಗುತ್ತದೆ.

ಈ ದಪ್ಪದ ವ್ಯತ್ಯಾಸವನ್ನು ನಾನು ಬಾಗಿಗಿಂತ ಹೆಚ್ಚು ಗಂಭೀರವಾಗಿ ನೋಡುತ್ತೇನೆ. ತೆಳು ಗೋಡೆ ಬೇಗ ಬಿಸಿಯಾಗಿ ಹಿಗ್ಗುತ್ತದೆ, ಮೂತಿ ದಪ್ಪ ಗೋಡೆಯ ಕಡೆಗೆ ತಿರುಗುತ್ತದೆ. 18 ಮಿ.ಮೀ. ದಪ್ಪ, 650 ಮಿ.ಮೀ. ಉದ್ದದ ಉಕ್ಕಿನ ಬ್ಯಾರೆಲಿನ ಎರಡು ಬದಿಗಳ ನಡುವೆ ಉದ್ದಕ್ಕೂ ಒಂದೇ ಒಂದು ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸವಿದ್ದರೂ 100 ಮೀಟರಿನಲ್ಲಿ ಗುಂಡು 43 ಮಿ.ಮೀ. ಸರಿಯುತ್ತದೆ. ಒಂದು ಬದಿಗೆ ಬಿದ್ದ ಬಿಸಿಲೂ ಇದನ್ನೇ ಮಾಡುತ್ತದೆ, ಅದಕ್ಕೇ ಪರೀಕ್ಷೆಯನ್ನು ನೆರಳಿನಲ್ಲೇ ಮಾಡಬೇಕು.

ರೇಂಜಿನಲ್ಲಿ ಮೊದಲು ಬ್ಯಾರೆಲ್ ಮತ್ತು ಸ್ಟಾಕಿನ (ಬಂದೂಕಿನ ಹಿಡಿಮೈಯ) ನಡುವೆ ಕಾಗದದ ಪಟ್ಟಿ ಎಳೆದು ಎಲ್ಲೂ ತಾಗುತ್ತಿಲ್ಲ ಎಂದು ನೋಡುತ್ತೇನೆ. ಆಕ್ಷನ್ (ಬೋಲ್ಟ್ ಕೂರುವ ಭಾಗ) ಬಿಗಿಯುವ ಸ್ಕ್ರೂ, ಸ್ಕೋಪ್ ಬೇಸ್ ಬಿಗಿ ಇವೆಯೇ ಎಂದೂ. ಆಮೇಲೆ ತಣ್ಣನೆಯ ಬ್ಯಾರೆಲಿನಿಂದ ಬಿಡುವಿಲ್ಲದೆ ಹತ್ತು ಗುಂಡು, ಪ್ರತಿ ತೂತಿಗೂ ಕ್ರಮಸಂಖ್ಯೆ. ಪೂರ್ತಿ ತಣಿಯಲು ಬಿಟ್ಟು ಇದನ್ನು ಮೂರು ಸಲ ಮಾಡುತ್ತೇನೆ. ಮೂರೂ ಸಲ ತೂತುಗಳು ಒಂದರಿಂದ ಹತ್ತರವರೆಗೆ ಒಂದೇ ದಿಕ್ಕಿಗೆ ನಡೆದು, ತಣಿದ ಮೇಲೆ ಮೊದಲ ಗುಂಡು ಹಳೆಯ ಜಾಗಕ್ಕೇ ಮರಳಿದರೆ ದೋಷ ಬ್ಯಾರೆಲಿನದ್ದು: ಅಸಮ ಗೋಡೆ, ಇಲ್ಲವೇ ಉಕ್ಕಿನೊಳಗೆ ಉಳಿದ ಒತ್ತಡ. ಕ್ರಮವಿಲ್ಲದೆ ಚದುರಿದರೆ ಬಾಗಿನ ಮೇಲೆ ಆರೋಪ ಹೊರಿಸಬೇಡಿ. ಕ್ರೌನ್ (ಮೂತಿಯ ತುದಿಯ ಅಂಚು), ಬೆಡ್ಡಿಂಗ್ (ಆಕ್ಷನ್ ಸ್ಟಾಕಿನಲ್ಲಿ ಕೂತಿರುವ ರೀತಿ), ಮದ್ದುಗುಂಡು ನೋಡಿ. ಹತ್ತಿಯ ಕಡ್ಡಿಯನ್ನು ಮೂತಿಯೊಳಗಿಂದ ಹೊರಕ್ಕೆ ಎಳೆದಾಗ ಎಳೆ ಸಿಕ್ಕಿಕೊಂಡರೆ ಕ್ರೌನಿನಲ್ಲಿ ಮುಳ್ಳೆದ್ದಿದೆ ಎಂದರ್ಥ.

ಬಾಗಿದ ಬ್ಯಾರೆಲನ್ನು ಪ್ರೆಸ್ಸಿನಲ್ಲಿ ಒತ್ತಿ ನೆಟ್ಟಗೆ ಮಾಡುವುದನ್ನು ನಾನು ಒಪ್ಪುವುದಿಲ್ಲ. ತಣ್ಣಗಿರುವಾಗ ಅದು ಗೇಜಿನಲ್ಲಿ ನೆಟ್ಟಗೇ ಕಾಣುತ್ತದೆ. ಆದರೆ ಒತ್ತಿದ ಜಾಗದಲ್ಲಿ ಹೊಸ ಒತ್ತಡ ಒಳಗೇ ಉಳಿದು, ಬಿಸಿಯಾದಾಗ ಹಳೆಯ ಬಾಗಿನತ್ತ ತಿರುಗಬಹುದು. ಸ್ಥಿರವಾಗಿದ್ದ ದೋಷವನ್ನು ನಡೆದಾಡುವ ದೋಷ ಮಾಡಿದಂತೆ.

ಬಾಗು ಮೂತಿಯ ಹತ್ತಿರವೇ ಇದ್ದರೆ ಆ ತುದಿಯನ್ನು ಕತ್ತರಿಸಿ ಹೊಸ ಕ್ರೌನ್ ಕೊಡಿಸಬಹುದು. ಉದ್ದಕ್ಕೂ ಇರುವ ಸೌಮ್ಯ ಬಾಗಾದರೆ ಮೂತಿ ಮೇಲ್ಮುಖವಾಗುವಂತೆ ಬ್ಯಾರೆಲನ್ನು ಕೂರಿಸುವುದು ಒಳ್ಳೆಯದು. ಪಕ್ಕದ ಸರಿತ ಹೋಗಿ, ದೂರದ ಗುರಿಗೆ ಬೇಕಾದ ಎತ್ತರ ತಾನಾಗಿ ಸಿಗುತ್ತದೆ. ಬ್ಯಾರೆಲನ್ನು ಆಕ್ಷನ್ನಿಗೆ ತಿರುಗಿಸಿ ಕೂರಿಸುವ ಥ್ರೆಡ್ ಇಂಚಿಗೆ 16 ಎಳೆಯದಾಗಿದ್ದರೆ ಕಾಲು ಸುತ್ತು ತಿರುಗಿಸಲು ಬ್ಯಾರೆಲಿನ ಭುಜದಿಂದ (ಆಕ್ಷನ್ನಿಗೆ ಒತ್ತಿ ನಿಲ್ಲುವ ಮೆಟ್ಟಿಲಿನಿಂದ) 0.397 ಮಿ.ಮೀ. ತೆಗೆಯಬೇಕು. ಅಷ್ಟೇ ಹೆಡ್‌ಸ್ಪೇಸೂ (ಬೋಲ್ಟಿನ ಮುಖದಿಂದ ಚೇಂಬರಿನಲ್ಲಿ ತೋಟಾ ತಡೆದು ನಿಲ್ಲುವ ಜಾಗದವರೆಗಿನ ಅಂತರ) ಕಡಿಮೆಯಾಗುತ್ತದೆ, ಆದ್ದರಿಂದ ಈ ಕೆಲಸ ಚೇಂಬರಿನ ಕೊನೆಯ ರೀಮಿಂಗಿಗೆ (ಕೊರೆದು ಅಳತೆಗೆ ತರುವುದಕ್ಕೆ) ಮುಂಚೆಯೇ ಮುಗಿದಿರಬೇಕು.