ಕೆರಿಬಿಯನ್ ಕತೆ ಓದಿ, ನಿಮ್ಮ ಪುಸ್ತಕ ಬರೆಯಿರಿ: ಶುರು ಮಾಡುವುದು ಎಲ್ಲಿಂದ?

ಕತೆ ಬರೆಯುವ ಆಸೆ ಇದೆ, ಏನು ಓದಲಿ ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಕೆರಿಬಿಯನ್ ಕತೆಗಳನ್ನು. ಟ್ರಿನಿಡಾಡ್, ಜಮೈಕಾ, ಆಂಟಿಗುವಾ, ಸೇಂಟ್ ಲೂಸಿಯಾ, ಎಲ್ಲಾ ವೆಸ್ಟ್ ಇಂಡೀಸ್ ಕಡೆಯ ಪುಟ್ಟ ಪುಟ್ಟ ದ್ವೀಪಗಳು. ಆದರೆ ಅಲ್ಲಿನವರು ಆಳಿದವರ ಇಂಗ್ಲಿಷನ್ನೇ ತಗೊಂಡು ತಮ್ಮ ಬೀದಿಯ ಮಾತಿಗೆ ಬಗ್ಗಿಸಿಕೊಂಡಿದ್ದಾರಲ್ಲ, ಅದನ್ನು ನೋಡಿದರೆ ನಮ್ಮೂರಿನ ಮಾತಲ್ಲೇ ಬರೆಯೋಣ ಅನ್ನುವ ಧೈರ್ಯ ತಾನಾಗಿ ಬರುತ್ತದೆ.

ಮೊದಲು ಸಣ್ಣದು

ದಪ್ಪ ಕಾದಂಬರಿಗೆ ಈಗಲೇ ಕೈ ಹಾಕಬೇಡಿ. ವಿ.ಎಸ್. ನೈಪಾಲ್ ಅವರ 'ಮಿಗೆಲ್ ಸ್ಟ್ರೀಟ್' ತಗೊಳ್ಳಿ. ಟ್ರಿನಿಡಾಡ್‌ನ ರಾಜಧಾನಿ ಪೋರ್ಟ್ ಆಫ್ ಸ್ಪೇನ್‌ನ ಒಂದು ಬೀದಿ, ಅಲ್ಲೊಬ್ಬ ಬಡಗಿ, ಒಬ್ಬ ಕವಿ, ಪಟಾಕಿ ಮಾಡುವವನೊಬ್ಬ, ಹೀಗೆ ಒಬ್ಬೊಬ್ಬರಿಗೆ ಒಂದೊಂದು ಕತೆ. ದಿನಕ್ಕೊಂದು ಓದಿದರೆ ಸಾಕು. ಆಮೇಲೆ ಆಂಟಿಗುವಾದ ಲೇಖಕಿ ಜಮೈಕಾ ಕಿಂಕೇಡ್ ಅವರ 'ಗರ್ಲ್'. 1978ರಲ್ಲಿ ಬಂದ ಈ ಕತೆ ಇಡೀ ಒಂದೇ ವಾಕ್ಯ. ಬಟ್ಟೆ ಯಾವತ್ತು ಒಗೆಯಬೇಕು, ಹೇಗೆ ಗುಡಿಸಬೇಕು, ಹೇಗೆ ನಗಬೇಕು ಅಂತ ತಾಯಿ ಒಂದೇ ಸಮನೆ ಹೇಳುತ್ತಾ ಹೋಗುತ್ತಾಳೆ, ಮಗಳು ನಡುವೆ ಎರಡೇ ಸಲ ಬಾಯಿ ಬಿಡುತ್ತಾಳೆ. ಹತ್ತು ನಿಮಿಷದ ಓದು, ಆದರೆ ಆ ಮನೆ ಪೂರ್ತಿ ಕಣ್ಣಿಗೆ ಕಟ್ಟುತ್ತದೆ.

ಇತಿಹಾಸ ಸ್ವಲ್ಪ ಗೊತ್ತಿದ್ದರೆ ಓದು ಸಲೀಸು. ಗುಲಾಮಗಿರಿ ರದ್ದಾದ ಮೇಲೆ ಕಬ್ಬಿನ ತೋಟಗಳಿಗೆ ಬ್ರಿಟಿಷರು ನಮ್ಮ ದೇಶದಿಂದ ಕರಾರಿನ ಮೇಲೆ ಕೂಲಿಗಳನ್ನು ಹಡಗು ಹತ್ತಿಸಿದರು. ಟ್ರಿನಿಡಾಡ್‌ಗೆ ಮೊದಲ ಹಡಗು ಮುಟ್ಟಿದ್ದು 1845ರ ಮೇ 30ಕ್ಕೆ. 1917ರವರೆಗೆ ಇದು ನಡೆಯಿತು. ಹೆಚ್ಚಿನವರು ಕಲ್ಕತ್ತಾದಿಂದ ಹೋದರು, ಒಂದಿಷ್ಟು ಜನ ಮದ್ರಾಸಿನಿಂದ. ಅಲ್ಲಿನ ಕತೆಗಳಲ್ಲಿ ರಾಮಾಯಣ, ಪೂಜೆ, ರೊಟ್ಟಿ ಎಲ್ಲಾ ಸಿಗುವುದು ಇದಕ್ಕೇ.

ಆಮೇಲೆ ಜೋರಾಗಿ ಓದಿ

ಈಗ ಟ್ರಿನಿಡಾಡ್‌ನವರೇ ಆದ ಸ್ಯಾಮ್ ಸೆಲ್ವನ್ ಅವರ 'ದಿ ಲೋನ್ಲಿ ಲಂಡನರ್ಸ್', 1956ರ ಪುಸ್ತಕ. ಮಂಜು ಮುಸುಕಿದ ಚಳಿಗಾಲದ ಸಂಜೆ, ಮೋಸೆಸ್ ಅನ್ನುವವನು 46ನೇ ನಂಬರ್ ಬಸ್ಸು ಹತ್ತಿ ಲಂಡನ್ನಿನ ವಾಟರ್‌ಲೂ ಸ್ಟೇಷನ್ನಿಗೆ ಹೋಗುತ್ತಾನೆ. ಟ್ರಿನಿಡಾಡ್‌ನಿಂದ ಗುರುತಿಲ್ಲದ ಹುಡುಗನೊಬ್ಬ ಬರುತ್ತಿದ್ದಾನೆ. ಬಂದವನ ಮೈಮೇಲೆ ಸೆಕೆಗಾಲದ ತೆಳ್ಳನೆ ಸೂಟು, ಕೈಯಲ್ಲಿ ಪೆಟ್ಟಿಗೆ ಇಲ್ಲ, ಲಗೇಜು ಅಂತ ಇರುವುದು ಒಂದು ಹಲ್ಲುಜ್ಜುವ ಬ್ರಷ್ಷು. ಚಳಿ ಆಗುತ್ತಿಲ್ಲವಾ ಅಂದರೆ ಇಲ್ಲ ಅನ್ನುತ್ತಾನೆ. ಆ ಒಂದು ಬ್ರಷ್ಷಿನಲ್ಲೇ ಆ ಹುಡುಗ ಎಂಥವನು ಅಂತ ಪೂರ್ತಿ ಗೊತ್ತಾಗುತ್ತದೆ, ಅಲ್ವಾ?

ಸೆಲ್ವನ್ ಇದನ್ನು ಮೊದಲು ಶಿಷ್ಟ ಇಂಗ್ಲಿಷಿನಲ್ಲಿ ಬರೆಯಲು ಹೊರಟಿದ್ದರು, ಕತೆ ಮುಂದಕ್ಕೇ ಹೋಗಲಿಲ್ಲ. ಸಂಭಾಷಣೆ ಮಾತ್ರವಲ್ಲ, ನಿರೂಪಣೆಯನ್ನೂ ಟ್ರಿನಿಡಾಡ್‌ನವರ ಮಾತಿಗೆ ತಂದ ಮೇಲೆ ಸರಾಗವಾಗಿ ಓಡಿತು. ಹಾಗಾಗಿ ಇದನ್ನು ಕಣ್ಣಲ್ಲಿ ಓದಿದರೆ ವ್ಯಾಕರಣ ತಪ್ಪಿದ ಹಾಗೆ ಕಾಣುತ್ತದೆ, ಬಾಯಿಬಿಟ್ಟು ಓದಿದರೆ ಲಯ ಸಿಗುತ್ತದೆ. ಅರ್ಥವಾಗದ ಪದಕ್ಕೆಲ್ಲ ನಿಘಂಟು ತೆಗೆಯಬೇಡಿ, ಎರಡು ಪುಟ ದಾಟುವಷ್ಟರಲ್ಲಿ ಅದೇ ತಿಳಿಯುತ್ತದೆ.

ನಿಮ್ಮ ಎರಡು ಪುಟ

ನಿಮ್ಮ ಬೀದಿಯ ಒಬ್ಬರನ್ನು ಆರಿಸಿಕೊಳ್ಳಿ. ಇಸ್ತ್ರಿ ಅಂಗಡಿಯವರು, ಹಾಲಿನ ಬೂತಿನವರು, ಯಾರಾದರೂ ಸರಿ. ಅವರ ಬಗ್ಗೆ ಎರಡೇ ಪುಟ, ಪೂರ್ತಿ ನಿಮ್ಮ ಕಡೆಯ ಮಾತಲ್ಲಿ ಬರೆಯಿರಿ. ನಮ್ಮಲ್ಲಿ ಹೊಸಬರು ಜಾಸ್ತಿ ಮಾಡುವುದೇನೆಂದರೆ, ಮಾತುಕತೆ ಬಂದಾಗ ಮಾತ್ರ ಧಾರವಾಡದ್ದೋ ಕುಂದಾಪುರದ್ದೋ ಕನ್ನಡ, ಉಳಿದದ್ದೆಲ್ಲ ಪಠ್ಯಪುಸ್ತಕದ ಕನ್ನಡ. ಒಂದು ಸಲ ನಿರೂಪಣೆಗೂ ಆ ಮಾತನ್ನೇ ಬಳಸಿ ನೋಡಿ. ಬರೆದ ಮೇಲೆ ಅದೇ ಕಡೆಯವರೊಬ್ಬರ ಮುಂದೆ ಓದಿ. "ಹಿಂಗ್ಯಾರು ಮಾತಾಡ್ತಾರೆ?" ಅಂದರೆ ಆ ಜಾಗಕ್ಕೆ ಗೆರೆ ಎಳೆದು ತಿದ್ದಿ. 1943ರಿಂದ 1958ರವರೆಗೆ ಬಿಬಿಸಿಯಲ್ಲಿ 'ಕೆರಿಬಿಯನ್ ವಾಯ್ಸಸ್' ಅಂತ ರೇಡಿಯೋ ಕಾರ್ಯಕ್ರಮ ಬರುತ್ತಿತ್ತು. ದ್ವೀಪಗಳಿಂದ ಕಳಿಸಿದ ಕತೆಯನ್ನು ಲಂಡನ್ನಿನಲ್ಲಿ ಓದಿ ಮತ್ತೆ ದ್ವೀಪಗಳಿಗೇ ಕೇಳಿಸುತ್ತಿದ್ದರು. ಸೆಲ್ವನ್, ನೈಪಾಲ್ ಎಲ್ಲಾ ಅಲ್ಲಿ ಪಳಗಿದವರು. ಕಿವಿಗೆ ನಿಲ್ಲುವ ಕತೆ ಪುಟದಲ್ಲೂ ನಿಲ್ಲುತ್ತದೆ ಅನ್ನುವುದನ್ನು ನಾನು ಗಟ್ಟಿಯಾಗಿ ನಂಬುತ್ತೇನೆ.

ಪ್ರಕಾಶಕರ ಹತ್ತಿರ ಹೋಗುವಾಗ

ಬೇಡ ಅಂದರೆ ಕುಗ್ಗಬೇಡಿ. ಜಮೈಕಾದ ಮಾರ್ಲನ್ ಜೇಮ್ಸ್ ಅವರ ಮೊದಲ ಕಾದಂಬರಿಯನ್ನು 70ಕ್ಕೂ ಹೆಚ್ಚು ಸಲ ತಿರಸ್ಕರಿಸಿದ್ದರು. ಜೇಮ್ಸ್ ಬೇಸತ್ತು ಹಸ್ತಪ್ರತಿಯನ್ನೇ ಅಳಿಸಿಹಾಕಿದ್ದರು. ಆಮೇಲೆ ಒಬ್ಬ ಲೇಖಕಿ ಓದಲು ಕೇಳಿದಾಗ ಹಳೇ ಇಮೇಲಿನಲ್ಲಿ ಒಂದು ಪ್ರತಿ ಸಿಕ್ಕಿತು, 2005ರಲ್ಲಿ ಪುಸ್ತಕವಾಯಿತು. 2015ರಲ್ಲಿ ಅವರಿಗೆ ಬೂಕರ್ ಪ್ರಶಸ್ತಿ ಬಂತು. ಹಾಗಾಗಿ ಬರೆದದ್ದನ್ನು ಇವತ್ತೇ ನಿಮಗೇ ಇಮೇಲ್ ಮಾಡಿಟ್ಟುಕೊಳ್ಳಿ.

ಮೊದಲ ಪುಸ್ತಕವೇ ಕಥಾಸಂಕಲನ ಆದರೆ ಪ್ರಕಾಶಕರು ಹಿಂದೇಟು ಹಾಕಬಹುದು. ನೈಪಾಲ್ ಅವರಿಗೂ ಹಾಗೇ ಆಯಿತು. 'ಮಿಗೆಲ್ ಸ್ಟ್ರೀಟ್' ಮೊದಲು ಬರೆದದ್ದಾದರೂ, ಕಾದಂಬರಿ ತನ್ನಿ ಅಂದರು ಅಂತ ಅದು ಅಚ್ಚಾಗಿದ್ದು 1959ರಲ್ಲಿ, ಎರಡು ಕಾದಂಬರಿಗಳಾದ ಮೇಲೆ. ದೊಡ್ಡ ಹೆಸರಿನ ಹಿಂದೆಯೇ ಹೋಗಬೇಕಾಗಿಲ್ಲ. ಪೀಪಲ್ ಟ್ರೀ ಪ್ರೆಸ್ 1985ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಕೆರಿಬಿಯನ್ ಬರಹಗಳಿಗೆಂದೇ ಶುರುವಾದ ಸಣ್ಣ ಸಂಸ್ಥೆ. ಅದು ತಂದ ಮೋನಿಕ್ ರಾಫಿ ಅವರ ಕಾದಂಬರಿಗೆ 2020ರ ಕೋಸ್ಟಾ ವರ್ಷದ ಪುಸ್ತಕ ಪ್ರಶಸ್ತಿ ಬಂತು. ನಿಮ್ಮಂಥ ಪುಸ್ತಕಗಳನ್ನು ಯಾರು ತರುತ್ತಿದ್ದಾರೆ ಅಂತ ನೋಡಿ ಅವರಿಗೇ ಮೊದಲು ಕಳಿಸಿ.

ಒಪ್ಪಿದರೆ ಬಾಯಿಮಾತಿಗೆ ಬಿಡಬೇಡಿ, ಬರವಣಿಗೆಯಲ್ಲಿ ಮಾಡಿಕೊಳ್ಳಿ. ಎಷ್ಟು ಪ್ರತಿ, ರಾಯಧನ ಎಷ್ಟು, ಯಾವಾಗ ಕೊಡುತ್ತಾರೆ, ಎಷ್ಟು ವರ್ಷಕ್ಕೆ ಹಕ್ಕು ಕೊಡುತ್ತಿದ್ದೀರಿ. ಇ-ಬುಕ್, ಆಡಿಯೋ, ಅನುವಾದ, ಸಿನಿಮಾ ಹಕ್ಕುಗಳನ್ನು ಬೇರೆ ಬೇರೆಯಾಗಿ ಬರೆಸಿ. 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡ್‌ಗೆ ತಿರುಗಿಸಿದ್ದರೆ ಅರ್ಕಾವತ್ತು, ಒತ್ತಕ್ಷರ ಅಲ್ಲಲ್ಲಿ ಕೆಡುತ್ತವೆ. ಅದಕ್ಕೇ ಡಿಟಿಪಿ (ಪುಟ ಜೋಡಿಸುವ ಕೆಲಸ) ಮುಗಿದ ಮೇಲಿನ ಕರಡನ್ನು ಕಾಗದದ ಮೇಲೆ ತೆಗೆದು ನೀವೇ ಓದಿ.

ಯಾರೂ ಸಿಗಲಿಲ್ಲವೇ? ಸೇಂಟ್ ಲೂಸಿಯಾದ ಡೆರೆಕ್ ವಾಲ್ಕಾಟ್ 1948ರಲ್ಲಿ, ತಮ್ಮ 18ನೇ ವಯಸ್ಸಿಗೆ, ಅಮ್ಮನ ಹತ್ತಿರ 200 ಡಾಲರ್ ಇಸ್ಕೊಂಡು ಮೊದಲ ಕವನ ಸಂಕಲನ ಅಚ್ಚು ಹಾಕಿಸಿದರು, ಪರಿಚಯದವರಿಗೆ ತಾವೇ ಮಾರಿ, ಹಾಕಿದ ದುಡ್ಡು ವಾಪಸ್ ತೆಗೆದರು. 1992ರಲ್ಲಿ ಅವರಿಗೆ ನೊಬೆಲ್ ಸಿಕ್ಕಿತು. ನಮ್ಮ ದೇಶದಲ್ಲಿ ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ಸಂಖ್ಯೆ, ಪುಕ್ಕಟೆ, ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು, ಅದಕ್ಕೆ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಮೊದಲ ಸಲಕ್ಕೆ 200 ಪ್ರತಿ ಹಾಕಿಸಿ, ಖಾಲಿಯಾದರೆ ಮತ್ತೆ ಹಾಕಿಸಬಹುದು.