ಎಚ್‌ಆರ್ ಎಂಬಿಎಗೆ ಸಾಲ ತೆಗೆಯುವ ಮುಂಚೆ

ಎಚ್‌ಆರ್ (ಮಾನವ ಸಂಪನ್ಮೂಲ) ಓದೋಕೆ ಸಾಲ ಮಾಡಬಹುದಾ ಅಂತ ಸುಮಾರು ಜನ ಕೇಳ್ತಿದ್ದೀರಿ. ಮೊದಲು ಕಂತಿನ ಲೆಕ್ಕ ಹಾಕಿ. 8 ಲಕ್ಷ ಸಾಲ, ಶೇ 10 ಬಡ್ಡಿ, 7 ವರ್ಷ ಅಂದ್ರೆ ತಿಂಗಳಿಗೆ ಸುಮಾರು 13,280 ರೂಪಾಯಿ. ಓದುವಾಗಿನ ಬಡ್ಡಿ ಇದರಲ್ಲಿ ಸೇರಿಲ್ಲ. ಆಗ ಸಾಮಾನ್ಯವಾಗಿ ಕಂತು ಇರುವುದಿಲ್ಲ, ಆದರೆ ಬಡ್ಡಿ ಸುಮ್ನೆ ಕೂರಲ್ಲ. ಕೈಲಾದರೆ ಅದನ್ನು ಆಗಲೇ ಕಟ್ಟುತ್ತಾ ಬನ್ನಿ.

ಕೆಲಸ ಸಿಕ್ಕಿ ತಿಂಗಳಿಗೆ ಕೈಗೆ 30 ಸಾವಿರ ಬರುತ್ತೆ ಅಂದುಕೊಳ್ಳಿ. ಕಂತು ಹೋಗಿ ಉಳಿಯುವುದು 16,720. ಅದರಲ್ಲೇ ಮಾರತಹಳ್ಳಿಯ ಪಿಜಿ, ಊಟ, ಬಸ್ಸು. ಕಷ್ಟ ಅಲ್ವಾ?

ಕಾಲೇಜಿನವರ ‘ಹೈಯೆಸ್ಟ್ ಪ್ಯಾಕೇಜ್’ ಪೋಸ್ಟರ್ ನಂಬಬೇಡಿ. ಅದು ಫೈನಾನ್ಸ್ ಹುಡುಗರದ್ದೂ ಇರಬಹುದು. ಎಚ್‌ಆರ್‌ನವರಿಗೆ ಮಾತ್ರ ಎಷ್ಟು ಸಿಕ್ಕಿತು ಅಂತ ಹಳೇ ವಿದ್ಯಾರ್ಥಿಗಳನ್ನೇ ಕೇಳಿ. ಸಿಟಿಸಿ (ಕಂಪನಿ ನಿಮ್ಮ ಮೇಲೆ ವರ್ಷಕ್ಕೆ ಮಾಡುವ ಒಟ್ಟು ಖರ್ಚು) ಬೇಡ, ಬ್ಯಾಂಕಿಗೆ ಬೀಳುವ ಮೊತ್ತ ಕೇಳಿ. ತಿಂಗಳು ತಿಂಗಳು ಕೈಗೆ ಬಾರದ ಪಿಎಫ್, ಗ್ರಾಚ್ಯುಟಿ ಎಲ್ಲಾ ಸಾಮಾನ್ಯವಾಗಿ ಸಿಟಿಸಿಯಲ್ಲಿ ಸೇರಿಸಿರುತ್ತಾರೆ.