ಚಳಿಗಾಲದಲ್ಲಿ ಕಾರಲ್ಲಿ ಕ್ವಿಬೆಕ್ ಸಿಟಿಗೆ ಹೊರಟವರಿಗೆ

ಹಾಸನ, ಚಿಕ್ಕಮಗಳೂರು ಕಡೆಯಿಂದ ಟೊರೊಂಟೊದ ಮಕ್ಕಳ ಮನೆಗೆ ಹೋಗುವವರೇ, ಜನವರಿಯ ಚಳಿ ಅಂತ ಸುಮ್ನೆ ಹೀಟರ್ ಮುಂದೆ ಕೂತು ವಾಪಸ್ ಬರಬೇಡಿ. ಮಗನನ್ನೋ ಮಗಳನ್ನೋ ಹೊರಡಿಸಿ ಕ್ವಿಬೆಕ್ ಸಿಟಿ ನೋಡಿ. 1608ರಲ್ಲಿ ಫ್ರೆಂಚರು ಕಟ್ಟಿದ ಊರು, ಕೋಟೆ ಗೋಡೆ ಇನ್ನೂ ನಿಂತಿದೆ, ಜನ ಇವತ್ತಿಗೂ ಫ್ರೆಂಚೇ ಮಾತಾಡುತ್ತಾರೆ. ಹಿಮ ಬಿದ್ದಾಗಲೇ ಅದರ ಚೆಂದ.

ಮೊದಲು ಬಟ್ಟೆ. ಮುಳ್ಳಯ್ಯನಗಿರಿಗೆ ಹಾಕುವ ಸ್ವೆಟರ್, ಮಂಕಿ ಕ್ಯಾಪ್ ಅಲ್ಲಿ ಸಾಲುವುದಿಲ್ಲ. ರಾತ್ರಿ ಮೈನಸ್ 15, ಮೈನಸ್ 20 ಅಲ್ಲಿ ಮಾಮೂಲು. ಒಳಗೆ ಥರ್ಮಲ್, ಮೇಲೆ ಉಣ್ಣೆ, ಅದರ ಮೇಲೆ ಗಾಳಿ ತಡೆಯುವ ಜಾಕೆಟ್ ಇರಲಿ. ಹತ್ತಿ ಬನಿಯನ್ ಬೇಡ, ಬೆವರು ಹೀರಿ ಒದ್ದೆಯಾಗಿಯೇ ಉಳಿದು ಮೈ ನಡುಗಿಸುತ್ತದೆ. ಬೂಟು ಅಲ್ಲೇ ತಗೊಳ್ಳಿ, ದಪ್ಪ ಸಾಕ್ಸ್ ಹಾಕಿಕೊಂಡೇ ಅಳತೆ ನೋಡಿ.

ಕಾರಿನ ವಿಷಯದಲ್ಲಿ ಮಾತ್ರ ಹಟ ಹಿಡಿಯಿರಿ. ಈ ಊರಿರುವ ಕ್ವಿಬೆಕ್ ಪ್ರಾಂತ್ಯದಲ್ಲಿ ನೋಂದಣಿಯಾದ ಕಾರುಗಳಿಗೆ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರ್ ಕಡ್ಡಾಯ. ನಿಮ್ಮದು ಟೊರೊಂಟೊ ಇರುವ ಒಂಟಾರಿಯೊ ಪ್ರಾಂತ್ಯದ ಕಾರಾದರೂ ಆ ಟೈರ್ ಇಲ್ಲದೆ ಹೊರಡಬೇಡಿ, ಯಾಕೆಂದರೆ ಮಾಮೂಲಿ ಟೈರಿನ ರಬ್ಬರ್ ಚಳಿಗೆ ಗಟ್ಟಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ. ಮುಂದೆ ಹೋಗುವ ಲಾರಿ ಉಪ್ಪು ಕಲೆಸಿದ ಕೆಸರನ್ನು ಗಾಜಿನ ಮೇಲೆ ಎರಚುತ್ತದೆ, ವೈಪರ್ ಎಳೆದಷ್ಟೂ ಬೆಳ್ಳಗೆ ಹರಡಿ ಏನೂ ಕಾಣುವುದಿಲ್ಲ. ಗಾಜು ತೊಳೆಯಲು ಬರೀ ನೀರು ಹಾಕಿದರೆ ಹೆಪ್ಪುಗಟ್ಟುತ್ತದೆ, ಅದಕ್ಕೆ ಮೈನಸ್ 40 ತಡೆಯುವ ವಾಷರ್ ದ್ರವ ಒಂದು ಕ್ಯಾನ್ ಜಾಸ್ತಿಯೇ ಇಟ್ಟುಕೊಳ್ಳಿ. ಡಿಕ್ಕಿಯಲ್ಲಿ ಹಿಮ ಕೆರೆಯುವ ಬ್ರಷ್, ಸಲಿಕೆ, ಕಂಬಳಿ. ಪೆಟ್ರೋಲ್ ಅರ್ಧಕ್ಕಿಂತ ಕೆಳಗಿಳಿಯಲು ಬಿಡಬೇಡಿ.

ಟೊರೊಂಟೊದಿಂದ ದಾರಿ ಸುಮಾರು 800 ಕಿ.ಮೀ. 401ನೇ ಹೆದ್ದಾರಿ, ಆಮೇಲೆ 20. ಡಿಸೆಂಬರಿನಲ್ಲಿ ಅಲ್ಲಿ ನಾಲ್ಕು ಗಂಟೆಗೆಲ್ಲ ಸೂರ್ಯ ಮುಳುಗುತ್ತಾನೆ, ಹಾಗಾಗಿ ಒಂದೇ ದಿನಕ್ಕೆ ಓಡಬೇಡಿ, ಮಾಂಟ್ರಿಯಲ್‌ನಲ್ಲಿ ಮಲಗಿ ಬೆಳಕಿರುವಾಗ ಉಳಿದ 250 ಕಿ.ಮೀ. ಮುಗಿಸಿ. ಚಾರ್ಮಾಡಿ ಘಾಟಿಯ ಮಂಜಿನಲ್ಲಿ ಓಡಿಸಿದವರಿಗೆ ತಾಳ್ಮೆ ಗೊತ್ತಿರುತ್ತದೆ, ಆದರೆ ಅಲ್ಲಿ ಅಪಾಯ ಕಣ್ಣಿಗೇ ಬೀಳುವುದಿಲ್ಲ: ರಸ್ತೆ ಬರೀ ಒದ್ದೆ ಅನಿಸುತ್ತದೆ, ಮೇಲೆ ತೆಳ್ಳಗೆ ಐಸ್ ಇರುತ್ತದೆ. ಸೇತುವೆ ಮೇಲೆ ಅದು ಮೊದಲು ಕಟ್ಟುತ್ತದೆ, ಅಲ್ಲಿ ಬ್ರೇಕ್ ಒತ್ತಬೇಡಿ, ಮೊದಲೇ ನಿಧಾನಿಸಿ. ಮಾಂಟ್ರಿಯಲ್ ದ್ವೀಪದಲ್ಲಿ ಕೆಂಪು ದೀಪ ಇರುವಾಗ ಬಲಕ್ಕೆ ತಿರುಗುವ ಹಾಗಿಲ್ಲ, ಇದು ಒಂಟಾರಿಯೊದವರಿಗೆ ಅಭ್ಯಾಸವಿಲ್ಲದ್ದು.

ಊರು ಸೇರಿದ ಮೇಲೆ ಕಾರು ಪಾರ್ಕಿಂಗ್ ಕಟ್ಟಡದಲ್ಲಿ ಬಿಟ್ಟು ನಡೆಯಿರಿ. ಬೀದಿಯಲ್ಲಿ ಕಿತ್ತಳೆ ದೀಪ ಮಿನುಗುತ್ತಿದ್ದರೆ ಹಿಮ ತೆಗೆಯಲು ಬರುತ್ತಾರೆ ಅಂತ, ಅಲ್ಲಿ ಕಾರು ನಿಲ್ಲಿಸಿದರೆ ಎಳೆದೊಯ್ಯುತ್ತಾರೆ. ಮೇಲಿನ ಪೇಟೆಯಲ್ಲಿ 1893ರ ಶಾಟೊ ಫ್ರೊಂಟೆನಾಕ್ ಹೋಟೆಲ್, ಕೆಳಗೆ ಪೆತಿ ಶಾಂಪ್ಲೇನ್ ಬೀದಿ. ಎರಡರ ನಡುವಿನ ಮೆಟ್ಟಿಲು ಜಾರುತ್ತದೆ, ಮಂಡಿ ನೋವಿದ್ದವರು ಫ್ಯುನಿಕ್ಯುಲರ್ (ಹಳಿ ಮೇಲೆ ಇಳಿಜಾರು ಹತ್ತಿಳಿಯುವ ಬಂಡಿ) ಹತ್ತಿ. ಹತ್ತಿರದ ಮೊಂಟ್‌ಮೊರೆನ್ಸಿ ಜಲಪಾತ ಬಿಡಲೇಬೇಡಿ, 83 ಮೀಟರ್, ನಯಾಗರಾಕ್ಕಿಂತ ಎತ್ತರ, ತುಂತುರು ಹೆಪ್ಪುಗಟ್ಟಿ ಬುಡದಲ್ಲಿ ಗುಡ್ಡೆಯೇ ಆಗಿರುತ್ತದೆ.

ಸಸ್ಯಾಹಾರಿಗಳೇ, ಅಲ್ಲಿನ ತಿಂಡಿ ಪುಟೀನ್ ಅಂದರೆ ಬರೀ ಆಲೂ, ಚೀಸ್ ಅಲ್ಲ, ಮೇಲೆ ಸುರಿಯುವ ಗ್ರೇವಿ ಸಾಮಾನ್ಯವಾಗಿ ಮಾಂಸದ್ದು, ಕೇಳಿಯೇ ತಗೊಳ್ಳಿ. ಕೇಳುವ ಮೊದಲು ‘ಬೊಂಜೂರ್’ ಅನ್ನಿ, ಫ್ರೆಂಚಿನಲ್ಲಿ ನಮಸ್ಕಾರ ಅಂತ.